ಪ್ರಸವಕಾಲೀನ ವೈದ್ಯಕೀಯ ನಿರ್ಲಕ್ಷ್ಯ ಪ್ರಕರಣಗಳಲ್ಲಿ ಪರಿಹಾರ ನಿರ್ಧಾರ (ಭಾರತ)

ಗರ್ಭಿಣಿಯ ಆರೈಕೆ, ಹೆರಿಗೆ ಅಥವಾ ನವಜಾತ ಶಿಶುವಿನ ಶುಶ್ರೂಷೆಯಲ್ಲಿ ವೈದ್ಯರಾಗಲಿ ಆಸ್ಪತ್ರೆಯಾಗಲಿ ವಹಿಸಬೇಕಾದ ಎಚ್ಚರಿಕೆಯನ್ನು ವಹಿಸದೆ, ಅದರಿಂದ ತಾಯಿಗೆ ಅಥವಾ ಮಗುವಿಗೆ ಉಂಟಾಗುವ ಹಾನಿಯನ್ನು ಪ್ರಸವಕಾಲೀನ ವೈದ್ಯಕೀಯ ನಿರ್ಲಕ್ಷ್ಯದ ಹಾನಿ ಎನ್ನುತ್ತಾರೆ. ಆಮ್ಲಜನಕದ ಕೊರತೆಯಿಂದ ಮಿದುಳಿಗೆ ಆಗುವ ಹಾನಿ, ಭುಜ ಸಿಲುಕಿದಾಗ ತೋಳಿನ ನರಗಳಿಗೆ ಬೀಳುವ ಪೆಟ್ಟು, ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ದೃಷ್ಟಿನಾಶ ಇದರ ಮುಖ್ಯ ಉದಾಹರಣೆಗಳು. ಇಂಥ ಪ್ರಕರಣಗಳಲ್ಲಿ ಪರಿಹಾರದ ಮೊತ್ತವನ್ನು ನಿಗದಿಪಡಿಸಲು ಭಾರತದಲ್ಲಿ ಪ್ರತ್ಯೇಕ ಕಾನೂನಾಗಲಿ ನಿಶ್ಚಿತ ಸೂತ್ರವಾಗಲಿ ಇಲ್ಲ. ಗ್ರಾಹಕ ಆಯೋಗಗಳೂ ನ್ಯಾಯಾಲಯಗಳೂ "ನ್ಯಾಯಯುತ ಪರಿಹಾರ" ಎಂಬ ತತ್ತ್ವದ ಮೇಲೆ ಪ್ರತಿ ಪ್ರಕರಣದಲ್ಲೂ ಮೊತ್ತವನ್ನು ನಿರ್ಧರಿಸುತ್ತವೆ. ಆದ್ದರಿಂದ ಒಂದೇ ಪ್ರಕರಣದಲ್ಲಿ ಕೆಳಹಂತದಲ್ಲಿ ಲಕ್ಷಗಳಲ್ಲಿದ್ದ ಮೊತ್ತವು ಮೇಲ್ಮನವಿಯಲ್ಲಿ ಕೋಟಿಯನ್ನು ದಾಟಿದ ಉದಾಹರಣೆಯೂ ಇದೆ.

ಕಾನೂನಿನ ಹಿನ್ನೆಲೆ

1995ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಶುಲ್ಕ ಪಡೆದು ನೀಡುವ ವೈದ್ಯಕೀಯ ಸೇವೆಯನ್ನು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ತಂದಿತು. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಈ ವ್ಯಾಪ್ತಿಯಿಂದ ಹೊರಗುಳಿದವು. ಕೆಲವರಿಂದ ಶುಲ್ಕ ಪಡೆದು ಕೆಲವರಿಗೆ ಉಚಿತ ಸೇವೆ ನೀಡುವಲ್ಲಿ ಮಾತ್ರ ಉಚಿತ ರೋಗಿಗಳನ್ನೂ ಗ್ರಾಹಕರೆಂದು ಪರಿಗಣಿಸಲಾಯಿತು. ಗ್ರಾಹಕ ಆಯೋಗದ ಬಾಗಿಲು ತೆರೆಯದ ಸಂದರ್ಭದಲ್ಲಿ ಸಿವಿಲ್ ದಾವೆಯ ಹಾದಿ ಉಳಿಯುತ್ತದೆ.

1998ರ ಸ್ಪ್ರಿಂಗ್ ಮೆಡೋಸ್ ಪ್ರಕರಣವು ಹೆರಿಗೆಗೆ ಸಂಬಂಧಿಸಿದ್ದಲ್ಲ. ಅಲ್ಲಿ ತಪ್ಪು ಚುಚ್ಚುಮದ್ದಿನಿಂದ ಮಗುವೊಂದರ ಮಿದುಳಿಗೆ ಶಾಶ್ವತ ಹಾನಿಯಾಗಿತ್ತು. ಆದರೂ ಪ್ರಸವ ಪ್ರಕರಣಗಳಿಗೆ ಆಧಾರವಾದ ತತ್ತ್ವವೊಂದು ಅದರಿಂದ ಬಂತು: ಸೇವೆ ಪಡೆದ ಮಗುವೂ ಅದಕ್ಕೆ ಹಣ ತೆತ್ತ ತಂದೆತಾಯಿಯೂ ಗ್ರಾಹಕರೇ, ಇಬ್ಬರಿಗೂ ಬೇರೆ ಬೇರೆಯಾಗಿ ಪರಿಹಾರ ಸಲ್ಲುತ್ತದೆ. ರಾಷ್ಟ್ರೀಯ ಆಯೋಗವು ಮಗುವಿಗೆ 12.5 ಲಕ್ಷ ರೂಪಾಯಿಯನ್ನೂ ತಂದೆತಾಯಿಯ ಮನೋವ್ಯಥೆಗೆ 5 ಲಕ್ಷ ರೂಪಾಯಿಯನ್ನೂ ನೀಡಿದ್ದ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು.

ನಿರ್ಲಕ್ಷ್ಯದ ಸಾಬೀತು

ಮೊತ್ತದ ಪ್ರಶ್ನೆ ಬರುವುದು ಎರಡು ಸಂಗತಿಗಳು ಸಾಬೀತಾದ ಬಳಿಕ. ಮೊದಲನೆಯದು, ಅದೇ ಶಾಖೆಯ ಸಾಧಾರಣ ಕೌಶಲವುಳ್ಳ ವೈದ್ಯರು ತೋರಬೇಕಾದ ಎಚ್ಚರಿಕೆಯನ್ನು ಎದುರುದಾರರು ತೋರಲಿಲ್ಲ ಎಂಬುದು. 1957ರ ಇಂಗ್ಲೆಂಡಿನ ಬೋಲಮ್ ತೀರ್ಪಿನಿಂದ ಬಂದ ಈ ಪರೀಕ್ಷೆಯನ್ನು ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ (2005) ಭಾರತದ ಸರ್ವೋಚ್ಚ ನ್ಯಾಯಾಲಯ ಅಂಗೀಕರಿಸಿತು. ಎರಡನೆಯದು, ಆ ಲೋಪವೇ ಹಾನಿಗೆ ಕಾರಣ ಎಂಬುದು. ಹೆಚ್ಚಿನ ದೂರುಗಳು ಎಡವುವುದು ಇಲ್ಲಿ. ಸೆರೆಬ್ರಲ್ ಪಾಲ್ಸಿಯ ಬಹುಪಾಲು ಪ್ರಕರಣಗಳಿಗೆ ಹೆರಿಗೆಯ ವೇಳೆಯ ಉಸಿರುಗಟ್ಟುವಿಕೆ ಕಾರಣವಲ್ಲ. ಗರ್ಭದಲ್ಲಿಯೇ ಆದ ಸೋಂಕು, ಅವಧಿಪೂರ್ವ ಜನನ, ಆನುವಂಶಿಕ ದೋಷಗಳೂ ಕಾರಣವಾಗಬಲ್ಲವು. ಹೀಗಾಗಿ ಹೆರಿಗೆಯ ಪ್ರಗತಿಯ ನಕ್ಷೆ, ಭ್ರೂಣದ ಹೃದಯಬಡಿತದ ದಾಖಲೆ, ಎಪ್ಗಾರ್ ಅಂಕ ಮತ್ತು ಹೊಕ್ಕುಳಬಳ್ಳಿಯ ರಕ್ತದ ಆಮ್ಲೀಯತೆ ನಿರ್ಣಾಯಕ ಸಾಕ್ಷ್ಯಗಳಾಗುತ್ತವೆ.

ಈ ದಾಖಲೆಗಳೆಲ್ಲ ಇರುವುದು ಆಸ್ಪತ್ರೆಯ ಕೈಯಲ್ಲಿ. 2002ರ ವೈದ್ಯಕೀಯ ವೃತ್ತಿ ನಡವಳಿಕೆಯ ನಿಯಮಗಳಂತೆ ಒಳರೋಗಿಗಳ ದಾಖಲೆಗಳನ್ನು 3 ವರ್ಷ ಕಾಪಾಡಬೇಕು ಮತ್ತು ಕೇಳಿದಲ್ಲಿ 72 ಗಂಟೆಗಳೊಳಗೆ ಒದಗಿಸಬೇಕು. ಮಗುವಿನ ಬೆಳವಣಿಗೆಯ ಕುಂಠಿತ ಎಷ್ಟೋ ಸಲ ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ ಸ್ಪಷ್ಟವಾಗುವುದರಿಂದ ಈ ಅವಧಿ ಸಾಲದು. ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸುವ ಕಾಲಮಿತಿಯೂ ದೂರಿನ ಕಾರಣ ಉಂಟಾದ ದಿನದಿಂದ 2 ವರ್ಷ. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದು.

ಮೊತ್ತದ ಲೆಕ್ಕಾಚಾರ

ಪರಿಹಾರದಲ್ಲಿ ಎರಡು ಭಾಗಗಳಿವೆ. ಈವರೆಗಿನ ಚಿಕಿತ್ಸಾ ವೆಚ್ಚ, ಮುಂದಿನ ಚಿಕಿತ್ಸೆ, ಆರೈಕೆದಾರರ ಸಂಬಳ, ಉಪಕರಣಗಳು, ಮುಂದಿನ ಸಂಪಾದನೆಯ ನಷ್ಟ, ಇವು ಆರ್ಥಿಕ ಹಾನಿ. ನೋವು, ಬದುಕಿನ ಸುಖಗಳ ನಷ್ಟ, ವಿವಾಹದ ಸಾಧ್ಯತೆಯ ನಷ್ಟ ಮತ್ತು ಪೋಷಕರ ಮನೋವ್ಯಥೆ ಆರ್ಥಿಕೇತರ ಹಾನಿ. ಗಾಯಗೊಂಡ ವಯಸ್ಕನಿಗೆ ಸಂಬಳದ ಚೀಟಿಯಾದರೂ ಇರುತ್ತದೆ. ಈಗಷ್ಟೇ ಹುಟ್ಟಿದ ಮಗುವಿಗೆ ಅದೂ ಇಲ್ಲ. ಎಲ್ಲವೂ ಊಹೆಯ ಮೇಲೆ ನಿಲ್ಲುತ್ತದೆ.

ಊಹೆಯ ಒಂದು ವಿಧಾನ ಮೋಟಾರು ಅಪಘಾತ ಪ್ರಕರಣಗಳ ಗುಣಕ ಪದ್ಧತಿ. ವಾರ್ಷಿಕ ನಷ್ಟವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುವುದು ಇದರ ರೀತಿ. ಗುಣಕ 18ನ್ನು ಮೀರುವುದಿಲ್ಲ. ಅಪಘಾತದಲ್ಲಿ ಅಂಗವೈಕಲ್ಯಕ್ಕೊಳಗಾದ ಮಕ್ಕಳಿಗೆ ಕರ್ನಾಟಕದಿಂದ ಬಂದ ಮೇಲ್ಮನವಿಯೊಂದರಲ್ಲಿ (2013) ಸರ್ವೋಚ್ಚ ನ್ಯಾಯಾಲಯವು ವೈಕಲ್ಯದ ಶೇಕಡಾವಾರು ಪ್ರಮಾಣಕ್ಕೆ ತಕ್ಕಂತೆ ಕೆಲವು ಬಾಬತ್ತುಗಳಿಗೆ ಇಡಿಗಂಟು ಮೊತ್ತವನ್ನು ಸೂಚಿಸಿತು. ಶೇ. 90ಕ್ಕಿಂತ ಹೆಚ್ಚಿನ ವೈಕಲ್ಯಕ್ಕೆ ಅದು 6 ಲಕ್ಷ ರೂಪಾಯಿ. ಜೀವನವಿಡೀ ಇಬ್ಬರ ಆರೈಕೆ ಬೇಕಾದ ಮಗುವಿಗೆ ಇದು ಯಾವ ಮೂಲೆಗೂ ಸಾಲದೆಂಬುದು 2020ರ ತೀರ್ಪೊಂದರಿಂದ ಸ್ಪಷ್ಟವಾಗುತ್ತದೆ. ಅಪಘಾತದಲ್ಲಿ ಮಿದುಳಿಗೆ ಪೆಟ್ಟಾಗಿ ಶೇ. 100 ವೈಕಲ್ಯಕ್ಕೊಳಗಾಗಿದ್ದ 12 ವರ್ಷದ ಬಾಲಕಿಗೆ ಹೈಕೋರ್ಟು ನೀಡಿದ್ದ ಸುಮಾರು 25.8 ಲಕ್ಷ ರೂಪಾಯಿಯನ್ನು ಸರ್ವೋಚ್ಚ ನ್ಯಾಯಾಲಯ 62.27 ಲಕ್ಷಕ್ಕೆ ಏರಿಸಿತು. ಕುಶಲ ಕಾರ್ಮಿಕರ ಕನಿಷ್ಠ ವೇತನವನ್ನು ಆಧಾರವಾಗಿಟ್ಟು ಸಂಪಾದನೆಯ ನಷ್ಟಕ್ಕೆ 14.66 ಲಕ್ಷವನ್ನೂ, ಇಬ್ಬರು ಆರೈಕೆದಾರರಿಗೆ ತಿಂಗಳಿಗೆ ತಲಾ 5,000 ರೂಪಾಯಿಯಂತೆ 18ರ ಗುಣಕದಲ್ಲಿ 21.6 ಲಕ್ಷವನ್ನೂ ಲೆಕ್ಕಹಾಕಲಾಯಿತು. ಆರೈಕೆಯ ಬಾಬತ್ತು ಸಂಪಾದನೆಯ ಬಾಬತ್ತಿಗಿಂತ ದೊಡ್ಡದಾಗಿರುವುದು ಗಮನಾರ್ಹ. ತಾಯಿ ಮಾಡುವ ಸೇವೆಗೆ ಸಂಬಳವಿಲ್ಲವೆಂಬ ಕಾರಣಕ್ಕೆ ಈ ವೆಚ್ಚವನ್ನು ದೂರಿನಲ್ಲಿ ನಮೂದಿಸದೆ ಬಿಟ್ಟರೆ ಮೊತ್ತದ ದೊಡ್ಡ ಪಾಲು ಕೈಬಿಟ್ಟಂತಾಗುತ್ತದೆ.

ವೈದ್ಯಕೀಯ ನಿರ್ಲಕ್ಷ್ಯದಲ್ಲಿ ಗುಣಕ ಪದ್ಧತಿಗೆ ಕಟ್ಟುಬೀಳಬೇಕಾಗಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯ ಪ್ರಕರಣದಲ್ಲಿ (2009) ಹೇಳಿ, 1 ಕೋಟಿ ರೂಪಾಯಿ ಪರಿಹಾರ ನೀಡಿತು.

ಚೆನ್ನೈ ಪ್ರಕರಣ

ನವಜಾತ ಶಿಶುವಿನ ಹಾನಿಗೆ ಸಂಬಂಧಿಸಿ ಹೆಚ್ಚು ಉಲ್ಲೇಖಿತವಾಗುವುದು 2015ರ ಜುಲೈ 1ರ ತೀರ್ಪು. 1996ರಲ್ಲಿ ಚೆನ್ನೈನ ಎಗ್ಮೋರಿನ ಸರ್ಕಾರಿ ಆಸ್ಪತ್ರೆಯಲ್ಲಿ 29ನೆಯ ವಾರದಲ್ಲಿ 1,250 ಗ್ರಾಂ ತೂಕದ ಹೆಣ್ಣುಮಗು ಜನಿಸಿತು. ಇಂಥ ಶಿಶುಗಳಿಗೆ ಜನನದ ಕೆಲವೇ ವಾರಗಳಲ್ಲಿ ಅಕ್ಷಿಪಟಲದ ತಪಾಸಣೆ ಅಗತ್ಯ. ಅದು ನಡೆಯಲಿಲ್ಲ, ಪೋಷಕರಿಗೂ ಎಚ್ಚರಿಕೆ ನೀಡಲಿಲ್ಲ. ಮಗು ದೃಷ್ಟಿ ಕಳೆದುಕೊಂಡಿತು. ರಾಷ್ಟ್ರೀಯ ಆಯೋಗ 2009ರಲ್ಲಿ ನಿರ್ಲಕ್ಷ್ಯವನ್ನು ಒಪ್ಪಿ 5 ಲಕ್ಷ ರೂಪಾಯಿ ನೀಡಿತು.

ಸರ್ವೋಚ್ಚ ನ್ಯಾಯಾಲಯವು ಈ ಮೊತ್ತವನ್ನು ಬದಿಗಿರಿಸಿ, ಈವರೆಗಿನ ವೆಚ್ಚಕ್ಕೆ ಸುಮಾರು 42.87 ಲಕ್ಷವನ್ನೂ ಮುಂದಿನ ಚಿಕಿತ್ಸೆಗೆ 1.38 ಕೋಟಿಯನ್ನೂ ನಿಗದಿಪಡಿಸಿತು. 1.38 ಕೋಟಿಯಲ್ಲಿ 1.30 ಕೋಟಿ ಸರ್ಕಾರದ ಹೊಣೆ, ಉಳಿದ 8 ಲಕ್ಷ ಇಬ್ಬರು ವೈದ್ಯರದು. ವಿಶೇಷವೆಂದರೆ ಮುಂದಿನ 51 ವರ್ಷಗಳ ವೆಚ್ಚವನ್ನು ವರ್ಷಕ್ಕೆ ಶೇ. 1ರ ಹಣದುಬ್ಬರ ಸೇರಿಸಿ ಎಣಿಸಲಾಯಿತು. ಈ ದರದಲ್ಲಿ ಇಂದಿನ 100 ರೂಪಾಯಿ ವೆಚ್ಚ 51 ವರ್ಷಗಳ ಬಳಿಕ ಸುಮಾರು 166 ಆಗುತ್ತದೆ, ಶೇ. 4ರಲ್ಲಿ ಸುಮಾರು 739. ಠೇವಣಿಗೆ ಬಡ್ಡಿಯೂ ಬರುವುದರಿಂದ ಎರಡರ ಅಂತರವಷ್ಟೇ ಮುಖ್ಯ ಎಂಬ ಸಮರ್ಥನೆ ಸಾಧ್ಯ. ಆದರೆ ಯಾವ ದರವನ್ನು ಹಿಡಿಯಬೇಕೆಂಬ ನಿಯಮವಿಲ್ಲ, ಮತ್ತು ವೈದ್ಯರ ತಪ್ಪು ಎಷ್ಟು ದೊಡ್ಡದೆಂಬುದಕ್ಕಿಂತ ಈ ಒಂದು ಸಂಖ್ಯೆಯೇ ಮೊತ್ತವನ್ನು ಹೆಚ್ಚು ಏರುಪೇರು ಮಾಡಬಲ್ಲದು. ತೀರ್ಪು ಬರುವಾಗ ಮಗುವಿಗೆ 18 ವರ್ಷ ತುಂಬಿತ್ತು.

ದೂರು ಸಲ್ಲಿಸುವ ವೇದಿಕೆ

1986ರ ಕಾಯ್ದೆಯಲ್ಲಿ ಕೇಳಿದ ಪರಿಹಾರವೂ ಸೇರಿ ಮೌಲ್ಯ ನಿರ್ಧಾರವಾಗುತ್ತಿದ್ದುದರಿಂದ ಕೋಟಿಗಟ್ಟಲೆ ಪರಿಹಾರದ ದೂರನ್ನು ನೇರವಾಗಿ ರಾಷ್ಟ್ರೀಯ ಆಯೋಗದಲ್ಲಿ ಸಲ್ಲಿಸಬಹುದಾಗಿತ್ತು. 2019ರ ಕಾಯ್ದೆ ಇದನ್ನು ಬದಲಿಸಿ, ಸೇವೆಗೆ ತೆತ್ತ ಹಣವನ್ನಷ್ಟೇ ಮಾನದಂಡವಾಗಿಸಿತು. 2021ರ ನಿಯಮಗಳಂತೆ 50 ಲಕ್ಷದವರೆಗೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ರಾಜ್ಯ ಆಯೋಗ. ಹೆರಿಗೆಯ ಬಿಲ್ಲು 50 ಲಕ್ಷ ದಾಟುವುದು ಅಪರೂಪವಾದ್ದರಿಂದ, ಕೇಳಿದ ಪರಿಹಾರ ಎಷ್ಟೇ ಇರಲಿ, ಇಂಥ ದೂರುಗಳು ಬಹುತೇಕ ಜಿಲ್ಲಾ ಆಯೋಗದಲ್ಲೇ ಆರಂಭವಾಗುತ್ತವೆ. 2025ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವ್ಯವಸ್ಥೆಯ ಸಿಂಧುತ್ವವನ್ನು ಎತ್ತಿಹಿಡಿಯಿತು. ಊರಿಗೆ ಹತ್ತಿರದಲ್ಲಿ ವಿಚಾರಣೆ ನಡೆಯುವುದು ಕುಟುಂಬಕ್ಕೆ ಅನುಕೂಲವೇ. ಜೊತೆಗೆ ಮೇಲ್ಮನವಿಯ ಮೆಟ್ಟಿಲುಗಳೂ ಹೆಚ್ಚುತ್ತವೆ.

ಇತರ ದೇಶಗಳಲ್ಲಿ

ಬ್ರಿಟನ್ನಿನಲ್ಲಿ ಗಂಭೀರ ಹಾನಿಗೆ ಇಡಿಗಂಟಿನ ಜೊತೆಗೆ ಜೀವಿತಾವಧಿಯವರೆಗೆ ವಾರ್ಷಿಕ ಕಂತುಗಳನ್ನೂ ನ್ಯಾಯಾಲಯ ವಿಧಿಸಬಹುದು. ಮಗು ಎಷ್ಟು ವರ್ಷ ಬದುಕೀತೆಂದು ಮೊದಲೇ ಊಹಿಸುವ ಕಷ್ಟ ಇದರಿಂದ ತಗ್ಗುತ್ತದೆ. ಅಮೆರಿಕದ ವರ್ಜೀನಿಯಾ ಮತ್ತು ಫ್ಲಾರಿಡಾ ರಾಜ್ಯಗಳಲ್ಲಿ 1980ರ ದಶಕದಿಂದ, ಹೆರಿಗೆಯಲ್ಲಿ ಮಿದುಳಿಗೆ ಹಾನಿಯಾದ ಶಿಶುಗಳಿಗಾಗಿ ತಪ್ಪನ್ನು ಸಾಬೀತುಪಡಿಸುವ ಅಗತ್ಯವಿಲ್ಲದ ನಿಧಿಗಳಿವೆ. ಜಪಾನ್ 2009ರಲ್ಲಿ ಇಂಥದೇ ವ್ಯವಸ್ಥೆಯನ್ನು ಆರಂಭಿಸಿತು: ತೀವ್ರ ಸೆರೆಬ್ರಲ್ ಪಾಲ್ಸಿಗೆ ಒಳಗಾದ ಅರ್ಹ ಮಗುವಿಗೆ ಆರಂಭದಲ್ಲಿ 60 ಲಕ್ಷ ಯೆನ್, ಆಮೇಲೆ 20 ವರ್ಷ ವರ್ಷಕ್ಕೆ 12 ಲಕ್ಷ ಯೆನ್, ಒಟ್ಟು 3 ಕೋಟಿ ಯೆನ್ ಸಲ್ಲುತ್ತದೆ. ಪ್ರತಿ ಪ್ರಕರಣದ ಕಾರಣವನ್ನೂ ತಜ್ಞರು ಪರಿಶೀಲಿಸಿ ವರದಿ ನೀಡುತ್ತಾರೆ.

ಭಾರತದಲ್ಲಿ ಪ್ರಸವಕಾಲೀನ ಹಾನಿಗೆಂದೇ ಇಂಥ ನಿಧಿಯಿಲ್ಲ. ಸೆರೆಬ್ರಲ್ ಪಾಲ್ಸಿ ಇರುವವರಿಗೆ 18 ವರ್ಷದ ನಂತರ ಕಾನೂನುಬದ್ಧ ಪಾಲಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅವಕಾಶ ನೀಡುತ್ತದೆ. ಅದರಡಿಯ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ದೊರೆಯುತ್ತದೆ. ಈ ಸೌಲಭ್ಯಗಳನ್ನು ಪಡೆಯಲು ನಿರ್ಲಕ್ಷ್ಯ ಸಾಬೀತಾಗಬೇಕಿಲ್ಲ.