ಹಾಯಿಹಡಗಿನ ಪಾಠದಿಂದ ಚರಿತ್ರೆಯನ್ನು ಇಳಿಸಬೇಡಿ

ಕೆರಿಬಿಯನ್ ದ್ವೀಪಗಳ ನಡುವೆ ವಿದ್ಯಾರ್ಥಿಗಳನ್ನು ವಾರಗಟ್ಟಲೆ ಹಾಯಿಹಡಗಿನಲ್ಲಿ ಕರೆದೊಯ್ಯುವ ಕೋರ್ಸುಗಳಿವೆ ಎಂದರೆ ನಮ್ಮವರಿಂದ ಎರಡು ಬಗೆಯ ಮಾತು ಬರುತ್ತದೆ. ಒಂದು, ‘ದುಡ್ಡಿದ್ದವರ ಮಕ್ಕಳ ಪಿಕ್ನಿಕ್ಕು’. ಇನ್ನೊಂದು, ‘ನಮ್ಮ ಮಗಳನ್ನೂ ಕಳಿಸಬಹುದಾ? ವಿದೇಶಿ ಯೂನಿವರ್ಸಿಟಿಯ ಅರ್ಜಿಯಲ್ಲಿ ಚೆನ್ನಾಗಿ ಕಾಣುತ್ತೆ’. ಎರಡೂ ತಪ್ಪು. ಎರಡನೆಯದು ಹೆಚ್ಚು ತಪ್ಪು, ಏಕೆಂದರೆ ಅದು ಪ್ರಯಾಣವನ್ನು ಹೊಗಳುತ್ತಲೇ ಅದರ ಪಾಠವನ್ನು ಕಳೆದುಬಿಡುತ್ತದೆ.

ಮೊದಲು ಪಿಕ್ನಿಕ್ ಎನ್ನುವವರಿಗೆ ಉತ್ತರ. ಅಮೆರಿಕದಲ್ಲಿ 1971ರಲ್ಲಿ ಶುರುವಾದ ಸೀ ಎಜುಕೇಶನ್ ಅಸೋಸಿಯೇಷನ್‌ಗೆ ಕಾರ್ವಿತ್ ಕ್ರೇಮರ್ ಎಂಬ 134 ಅಡಿಯ ಹಾಯಿಹಡಗಿದೆ. ಅದು ಈ ದ್ವೀಪಗಳ ನಡುವೆಯೂ ಓಡಾಡಿದೆ. ಅದರಲ್ಲಿ ವಿದ್ಯಾರ್ಥಿಗಳು ಪ್ರಯಾಣಿಕರಲ್ಲ. ಹಗಲು ರಾತ್ರಿ ಪಾಳಿಯ ಮೇಲೆ ಹಗ್ಗ ಎಳೆಯುತ್ತಾರೆ, ಚುಕ್ಕಾಣಿ ಹಿಡಿಯುತ್ತಾರೆ, ಬಲೆಗೆ ಸಿಕ್ಕಿದ ಪ್ಲಾಸ್ಟಿಕ್ ಚೂರುಗಳನ್ನು ಎಣಿಸುತ್ತಾರೆ. ಈ ಸಂಸ್ಥೆಯ ವಿದ್ಯಾರ್ಥಿಗಳು 22 ವರ್ಷಗಳಲ್ಲಿ 6,000ಕ್ಕೂ ಹೆಚ್ಚು ಬಾರಿ ಬಲೆ ಎಳೆದು ಕಲೆಹಾಕಿದ ಲೆಕ್ಕ 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಉತ್ತರ ಅಟ್ಲಾಂಟಿಕ್‌ನಲ್ಲಿ ತೇಲುವ ಪ್ಲಾಸ್ಟಿಕ್ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ಈ ಹುಡುಗ ಹುಡುಗಿಯರ ದುಡಿಮೆಯ ಪಾಲಿದೆ. ಅಪಾಯವೂ ನಿಜವೇ. 1961ರ ಮೇ 2ರಂದು ಆಲ್ಬಟ್ರಾಸ್ ಎಂಬ ಶಾಲಾ ಹಡಗು ಮೆಕ್ಸಿಕೊ ಕೊಲ್ಲಿಯಲ್ಲಿ ಮುಳುಗಿ ನಾಲ್ವರು ವಿದ್ಯಾರ್ಥಿಗಳೂ ಸೇರಿ ಆರು ಜನ ಸತ್ತರು.

ಇನ್ನು ಅರ್ಜಿಯ ಚಿಂತೆಯವರಿಗೆ. ಇಂಥ ಪ್ರಯಾಣವನ್ನು ‘ವ್ಯಕ್ತಿತ್ವ ವಿಕಸನ’, ‘ನಾಯಕತ್ವ’ ಎಂದು ಮಾರುವವರು ಸಮುದ್ರವನ್ನು ಜಿಮ್ ಮಾಡಿಬಿಡುತ್ತಾರೆ. ಕೆರಿಬಿಯನ್ ಹಾಗೆ ಬಳಸಿಕೊಳ್ಳಬಹುದಾದ ಖಾಲಿ ನೀರಲ್ಲ.

ಶಾಲೆಯ ಭೂಗೋಳದಲ್ಲಿ ನಾವೆಲ್ಲ ‘ವಾಣಿಜ್ಯ ಮಾರುತಗಳು’ ಎಂದು ಉರುಹೊಡೆದಿದ್ದೇವೆ. ಇಂಗ್ಲಿಷಿನ ‘ಟ್ರೇಡ್’ ಪದಕ್ಕೆ ಇಲ್ಲಿ ಮೊದಲಿದ್ದ ಅರ್ಥ ವ್ಯಾಪಾರವಲ್ಲ, ಒಂದೇ ಜಾಡು. ಪದದ ಮಟ್ಟಿಗೆ ನಮ್ಮ ಅನುವಾದ ಜಾರಿದೆ. ಚರಿತ್ರೆಯ ಮಟ್ಟಿಗೆ ಸರಿಯಾಗಿಯೇ ಇದೆ. 1492ರಲ್ಲಿ ಕೊಲಂಬಸ್‌ನನ್ನು ತಂದ ಗಾಳಿಯೇ ಮುಂದೆ ಆಫ್ರಿಕದಿಂದ ಗುಲಾಮರನ್ನು ತುಂಬಿಕೊಂಡ ಹಡಗುಗಳನ್ನೂ ತಂದಿತು. ಇಳಿದವರನ್ನು ಕಬ್ಬಿನ ಗದ್ದೆಗೆ ಹಚ್ಚಿದ ಮೇಲೆ ಅದೇ ಗಾಳಿ ಕಬ್ಬಿನ ಗಾಣವನ್ನೂ ತಿರುಗಿಸಿತು. ಆಂಟಿಗಾ ದ್ವೀಪದ ಬೆಟ್ಟೀಸ್ ಹೋಪ್ ತೋಟದಲ್ಲಿ ಆ ಗಾಳಿಗಾಣಗಳ ಕಲ್ಲಿನ ಗೋಪುರಗಳು ಇನ್ನೂ ನಿಂತಿವೆ.

ಆ ತೋಟ ಕಾಡ್ರಿಂಗ್ಟನ್ ಮನೆತನದ್ದು. 1710ರಲ್ಲಿ ತೀರಿಕೊಂಡ ಕ್ರಿಸ್ಟೋಫರ್ ಕಾಡ್ರಿಂಗ್ಟನ್ ಆಕ್ಸ್‌ಫರ್ಡಿನ ಆಲ್ ಸೋಲ್ಸ್ ಕಾಲೇಜಿನ ಗ್ರಂಥಾಲಯಕ್ಕೆ 10,000 ಪೌಂಡ್ ಬಿಟ್ಟುಹೋದ. ಆ ಗ್ರಂಥಾಲಯವನ್ನು ಅವನ ಹೆಸರಿನಿಂದ ಕರೆಯುವುದನ್ನು ಕಾಲೇಜು ನಿಲ್ಲಿಸಿದ್ದು 2020ರಲ್ಲಿ. ಅರ್ಜಿಗೆ ಅಲಂಕಾರವೆಂದು ಈ ದ್ವೀಪಗಳಿಗೆ ಮಗಳನ್ನು ಕಳಿಸುವವರು, ಅರ್ಜಿ ಹೋಗಿ ಸೇರುವ ಜಾಗದ ಕಲ್ಲುಗಳಿಗೂ ಕೆಲವೊಮ್ಮೆ ಈ ಕಬ್ಬಿನ ದುಡ್ಡೇ ಬಿದ್ದಿದೆ ಎಂಬುದನ್ನು ತಿಳಿದಿರಲಿ.

ಅದೇ ಆಂಟಿಗಾದ ದಕ್ಷಿಣ ತೀರದ ಇಂಗ್ಲಿಷ್ ಹಾರ್ಬರ್ ಇವತ್ತು ಹಾಯಿದೋಣಿಗಳ ಅಚ್ಚುಮೆಚ್ಚಿನ ತಂಗುದಾಣ. ಅಲ್ಲಿನ ಹಡಗುಕಟ್ಟೆಗೆ ನೆಲ್ಸನ್‌ನ ಹೆಸರಿದೆ. ಕಟ್ಟಲು ದುಡಿದವರು ಆಫ್ರಿಕನ್ ಗುಲಾಮರು. 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ ಯುನೆಸ್ಕೊ ಅವರ ದುಡಿಮೆಯನ್ನು ಗುರುತಿಸಿತು. ಅಲ್ಲಿ ಹಗ್ಗ ಕಟ್ಟುವ ವಿದ್ಯಾರ್ಥಿಗೆ ಗಂಟು ಹಾಕುವುದನ್ನಷ್ಟೇ ಕಲಿಸಿ ಕಳಿಸಿದರೆ ಅದು ಅರೆಪಾಠ.

ಈ ಕಥೆ ನಮ್ಮ ಬಂದರುಗಳನ್ನೂ ಮುಟ್ಟುತ್ತದೆ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ಮುಗಿದ ಮೇಲೆ ತೋಟದ ಮಾಲೀಕರಿಗೆ ಅಗ್ಗದ ಕೈಗಳು ಬೇಕಾದವು. 1845ರ ಮೇ 30ರಂದು ಫತೆಲ್ ರಜಾಕ್ ಹಡಗು ಕಲ್ಕತ್ತದಿಂದ ಟ್ರಿನಿಡಾಡ್ ತಲುಪಿತು. 1917ರ ಹೊತ್ತಿಗೆ 1,40,000ಕ್ಕೂ ಹೆಚ್ಚು ಭಾರತೀಯರು ಕರಾರು ಕೂಲಿಗಳಾಗಿ ಆ ಒಂದು ದ್ವೀಪಕ್ಕೇ ಹೋಗಿದ್ದರು. ಹೆಚ್ಚಿನವರು ಗಂಗಾ ಬಯಲಿನವರು; ಮದ್ರಾಸಿನಿಂದ ಹತ್ತಿದವರೂ ಇದ್ದರು. ಚೆನ್ನೈಯಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಆ ಬಂದರು ದೂರವಿಲ್ಲ.

‘ಹದಿನೆಂಟರ ಮಕ್ಕಳ ತಲೆ ಮೇಲೆ ಇಷ್ಟು ಭಾರ ಏಕೆ ಹೊರಿಸುತ್ತೀರಿ?’ ಎಂದು ಕೇಳುವವರಿದ್ದಾರೆ. ಆ ಹಡಗುಗಳಲ್ಲಿ ಬಂದಿಳಿದವರಲ್ಲೂ ಹದಿನೆಂಟು ತುಂಬದವರಿದ್ದರು. ಅವರು ಹೊತ್ತದ್ದನ್ನು ಇವರು ಓದಲಾರರೇ? ನಾನು ಕೇಳುತ್ತಿರುವುದು ಪಾಪಪ್ರಜ್ಞೆಯನ್ನಲ್ಲ, ಪಠ್ಯಕ್ರಮವನ್ನು.

ಆದ್ದರಿಂದ ಫೀಸು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ದ್ವೀಪಗಳಲ್ಲಿ ಪಾಠ ಹೇಳುವವರು ಆ ದ್ವೀಪದವರೇ, ಅವರಿಗೆ ಸಂಬಳವಿದೆಯೇ? ಹಡಗಿನಲ್ಲಿ ಆ ದ್ವೀಪಗಳ ವಿದ್ಯಾರ್ಥಿಗಳಿಗೆ ಜಾಗವಿದೆಯೇ, ಅಥವಾ ಅವರು ಕಟ್ಟೆಯ ಮೇಲೆ ನಿಂತು ಕೈಬೀಸುವವರಷ್ಟೆಯೇ? ಹಗ್ಗ, ನಕ್ಷತ್ರ, ಪ್ಲಾಂಕ್ಟನ್‌ಗಳ ಜೊತೆ ಕಬ್ಬಿನ ಲೆಕ್ಕವನ್ನೂ ಕಲಿಸುತ್ತಾರೆಯೇ? ಮೂರಕ್ಕೂ ಹೌದು ಎಂದರೆ, ಸಾಲ ಮಾಡಿಯಾದರೂ ಕಳಿಸಿ. ಇಲ್ಲವೆಂದರೆ ಪಿಕ್ನಿಕ್ ಎಂದವರೇ ಗೆದ್ದಂತೆ.