ಪ್ಲೇಟ್ ಇಲ್ಲದ ಮೋಟರ್ ಎಷ್ಟು ಎಚ್‌ಪಿ?

ಐಮಂಗಲದ ಕಡೆ ತೋಟಕ್ಕೆ ಹಳೇ ತ್ರೀಫೇಸ್ ಮೋಟರ್ ತರ್ತೀರಾ? ಪ್ಲೇಟ್ ಇಲ್ಲದಿದ್ದರೆ ಮಾರೋರ ಮಾತೇ ಲೆಕ್ಕ ಆಗಬಾರದು. 5 ಎಚ್‌ಪಿ ಅಂತ ರಿಲೇ ಸೆಟ್ ಮಾಡಿ, ಅದು ನಿಜಕ್ಕೂ 3 ಆಗಿದ್ದರೆ, ಓವರ್‌ಲೋಡ್ ಆದ್ರೂ ಟ್ರಿಪ್ ಆಗಲ್ಲ. ವೈಂಡಿಂಗ್ ಸುಟ್ಟು ಬೇಸಿಗೇಲಿ ಅಡಿಕೆಗೆ ನೀರು ನಿಲ್ಲುತ್ತೆ.

ಕರೆಂಟ್ ತೆಗೆದು ಟೇಪ್ ಹಿಡಿಯಿರಿ. ಪಾದದ ತಳದಿಂದ ಶಾಫ್ಟ್‌ನ ನಡುಮಧ್ಯಕ್ಕೆ 112 ಮಿ.ಮೀ. ಇದ್ದು, ವೇಗ ನಿಮಿಷಕ್ಕೆ ಸುಮಾರು 1,440 ಸುತ್ತಾದರೆ 5 ಎಚ್‌ಪಿ ಆಸುಪಾಸು; 100 ಮಿ.ಮೀ. ಆದರೆ ಸುಮಾರು 3. ತುಂಬಾ ಹಳೇ ಮೋಟರ್‌ಗಳ ಮೈ ದೊಡ್ಡದು, ಹಾಗಾಗಿ ಇದು ಅಂದಾಜು ಮಾತ್ರ.

415 ವೋಲ್ಟ್‌ನಲ್ಲಿ ಪೂರ್ತಿ ಲೋಡ್‌ಗೆ 5 ಎಚ್‌ಪಿ ಸುಮಾರು 7.5 ಆಂಪ್, 3 ಎಚ್‌ಪಿ ಸುಮಾರು 5 ಆಂಪ್ ಎಳೆಯುತ್ತೆ. ಖಾಲಿ ತಿರುಗುವಾಗಿನ ಆಂಪ್ ನೋಡಿ ಎಚ್‌ಪಿ ಹೇಳೋಕಾಗಲ್ಲ. ಅನುಮಾನ ಇದ್ದರೆ ರಿಲೇಯನ್ನು ಕಡಿಮೆ ಆಂಪ್‌ಗೇ ಇಡಿ, ವೈಂಡಿಂಗ್ ಅಂಗಡಿಯಲ್ಲಿ ಒಮ್ಮೆ ತೋರಿಸಿ.