ಜಿಲ್ಲೆಯ ಗಡಿಯಲ್ಲಿ ನಿಲ್ಲುವ ಮಳೆ

ಇಡೀ ಜಿಲ್ಲೆಗೆ ಒಂದೇ ಬಣ್ಣ ಬಳಿಯುವ ಟಿವಿಯ ಹವಾಮಾನ ನಕ್ಷೆಯ ಬಗ್ಗೆ ಕೊಯಮತ್ತೂರು, ತಿರುಪ್ಪೂರು ಕಡೆಯ ವೀಕ್ಷಕರು ತಕರಾರು ತೆಗೆದಾಗಲೆಲ್ಲ ಗ್ರಾಫಿಕ್ಸ್ ಪರ ವಕಾಲತ್ತು ವಹಿಸುವವರು ಅವೇ ಸಮಜಾಯಿಷಿಗಳನ್ನು ಮುಂದಿಡುತ್ತಾರೆ. ಒಂದೊಂದಾಗಿ ನೋಡೋಣ, ತೀರ್ಪು ಓದುಗರದು.

ಮೊದಲನೆಯದು: ಹವಾಮಾನ ಇಲಾಖೆ ಕೊಡುವುದೇ ಜಿಲ್ಲಾವಾರು ಎಚ್ಚರಿಕೆ, ನಾವು ಅದಕ್ಕೆ ಬಣ್ಣ ತುಂಬುತ್ತೇವೆ ಅಷ್ಟೆ. ಇದು ಅರ್ಧ ಸತ್ಯ. ಮುಂಗಾರಿನಲ್ಲಿ ಚೆನ್ನೈನ ಪ್ರಾದೇಶಿಕ ಹವಾಮಾನ ಕೇಂದ್ರದ ಪ್ರಕಟಣೆಗಳು ಎಷ್ಟೋ ಸಲ ‘ಕೊಯಮತ್ತೂರು ಜಿಲ್ಲೆಯ ಘಟ್ಟ ಪ್ರದೇಶ’ ಎಂದು ಬಿಡಿಸಿ ಹೇಳುತ್ತವೆ. ಸ್ಟುಡಿಯೊ ಮುಟ್ಟುವಷ್ಟರಲ್ಲಿ ಘಟ್ಟ ಉದುರಿಹೋಗಿ, ಅನ್ನೂರಿನಿಂದ ಆನೆಮಲೆಯವರೆಗೆ ಇಡೀ ಜಿಲ್ಲೆ ಕಿತ್ತಳೆಯಾಗುತ್ತದೆ. ವಾಲ್ಪಾರೈ ಬಳಿಯ ಚಿನ್ನಕಲ್ಲಾರ್ ತಮಿಳುನಾಡಿನಲ್ಲೇ ಅತಿ ಹೆಚ್ಚು ಮಳೆ ಕಾಣುವ ಜಾಗಗಳಲ್ಲೊಂದು. ಅಲ್ಲಿ ಜಡಿಮಳೆ ಹಿಡಿದಿರುವಾಗ ಮಳೆನೆರಳಿನ ಸೂಲೂರಿನಲ್ಲಿ ಪಾಲಕ್ಕಾಡ್ ಕಣಿವೆಯಿಂದ ನುಗ್ಗಿದ ಗಾಳಿಗೆ ಧೂಳೇಳುತ್ತಿರುತ್ತದೆ. ಈ ಬಯಲು ಸೀಮೆ ಹೆಚ್ಚಾಗಿ ನೆಚ್ಚಿಕೊಂಡಿರುವುದು ಅಕ್ಟೋಬರ್ ನಂತರದ ಹಿಂಗಾರನ್ನು. ಆಳಿಯಾರಿನಿಂದ ವಾಲ್ಪಾರೈಗೆ 40 ಹಿಮ್ಮುರಿ ತಿರುವುಗಳನ್ನು ಹತ್ತಿದವರಿಗೆ ಗೊತ್ತಿರುವ ಏರು, ನಕ್ಷೆ ಬರೆದವರಿಗೆ ಗೊತ್ತಿಲ್ಲ. ಗಡಿಯ ತಮಾಷೆಯಂತೂ ಇನ್ನೂ ಸೊಗಸು: ಸೂಲೂರು ಕಿತ್ತಳೆ, ಪಕ್ಕದ ಪಲ್ಲಡಂ ಹಸಿರು! 2009ರಲ್ಲಿ ತಿರುಪ್ಪೂರು ಜಿಲ್ಲೆಯಾಗುವವರೆಗೆ ಪಲ್ಲಡಂ ಕೊಯಮತ್ತೂರಿನಲ್ಲೇ ಇತ್ತು. ಆ ಸರ್ಕಾರಿ ಆದೇಶದ ಪ್ರತಿ ಮೋಡಗಳಿಗೂ ತಲುಪಿದೆ ಎಂದಾಯಿತು.

ಎರಡನೆಯದು: ಜನ ಓದುವುದಿಲ್ಲ, ಬಣ್ಣ ನೋಡುತ್ತಾರೆ. ಓದದ ಜನರಿಗಾಗಿ ಪರದೆಯ ತಳದಲ್ಲಿ ದಿನವಿಡೀ ಅಕ್ಷರ ಓಡಿಸುವವರು ಇವರೇ! ಇರಲಿ, ಒಪ್ಪೋಣ. ನೋಡುವುದು ಬಣ್ಣವೊಂದನ್ನೇ ಆದರೆ ಅದು ತಪ್ಪಿರಲೇಬಾರದು. ಕಿತ್ತಳೆ ಎಂದರೆ ಸಿದ್ಧರಾಗಿರಿ ಎಂದರ್ಥ. ಪೊಳ್ಳಾಚಿಯ ಕಣದಲ್ಲಿ ಕೊಬ್ಬರಿ ಹರವಿದವನು ಅದನ್ನು ನಂಬಿ ಟಾರ್ಪಾಲು ಎಳೆದರೆ ಒಂದು ದಿನದ ಬಿಸಿಲು ಹಾಳು. ಎರಡು ಸಲ ಹೀಗಾದವನು ಮೂರನೆಯ ಸಲ ಎಳೆಯುವುದಿಲ್ಲ, ಮಳೆ ಬರುವುದು ಆವತ್ತೇ. ಇನ್ನು ಕೆಂಪು–ಹಸಿರಿನ ವ್ಯತ್ಯಾಸ ತಿಳಿಯದ ಕಣ್ಣುಗಳೂ ಇವೆ. ಅಂಥವರಿಗೆ ಈ ನಕ್ಷೆಯಲ್ಲಿ ಒಂದು ಗೆರೆಯ ಆಸರೆಯೂ ಇಲ್ಲ.

ಸಮಯ ಸಾಲದು ಎಂಬುದು ಮೂರನೆಯದು. ಭೂಗೋಳ ಗಿರಗಿರನೆ ತಿರುಗಿ, ಮಿಂಚು ಹೊಡೆದು, ನಿರೂಪಕಿಯ ಕಾಲ ಬುಡದಲ್ಲಿ ಸುಳ್ಳು ನೀರು ಉಕ್ಕುವುದಕ್ಕೆ ಸಮಯವಿದೆಯಲ್ಲ!

ನಾಲ್ಕನೆಯದು ಸ್ವಲ್ಪ ಓದಿಕೊಂಡವರದು: ಹೊಸ ವಿನ್ಯಾಸ ಕಂಡರೆ ಗೊಣಗುವುದು ಎಲ್ಲ ಕಡೆ ಇದ್ದದ್ದೇ, 2005ರಲ್ಲಿ ಬಿಬಿಸಿಗೂ ಹೀಗೇ ಆಯಿತು. ಆಯಿತು ನಿಜ. ಆ ಮೂರು ಆಯಾಮದ ನಕ್ಷೆಯಲ್ಲಿ ನೆಲ ಕಂದು ಬಣ್ಣದ್ದು, ಓರೆಯಾದ ನೋಟದಿಂದ ಸ್ಕಾಟ್ಲೆಂಡ್ ಕುಗ್ಗಿ ಕಾಣುತ್ತದೆ ಎಂದು ವೀಕ್ಷಕರು ದೂರಿದರು. ಬಿಬಿಸಿ ಆ ಓರೆಯನ್ನು ತಿದ್ದಿತು. ಕಥೆಯ ಈ ಕೊನೆಯನ್ನು ಮಾತ್ರ ನಮ್ಮವರು ಹೇಳುವುದಿಲ್ಲ. ತಾವೇ ಕರೆತಂದ ಸಾಕ್ಷಿ ಎದುರು ಪಕ್ಷಕ್ಕೆ ಸಾಕ್ಷಿ ನುಡಿದರೆ ಹೀಗೇ ಆಗುವುದು.

ಇಷ್ಟಾದ ಮೇಲೆ ಉಳಿಯುವುದು, ನಿಖರ ಮಾಹಿತಿ ಬೇಕಾದವರು ಮೊಬೈಲ್ ನೋಡಿಕೊಳ್ಳಲಿ ಎಂಬ ಸಿಡುಕು. ಅಂದರೆ ಜಿಲ್ಲೆಗಿಂತ ಸಣ್ಣ ಅಳತೆಯ ಮುನ್ಸೂಚನೆ ಇದೆ ಎಂದು ಒಪ್ಪಿಕೊಂಡ ಹಾಗಾಯಿತು. ಹೌದು, ಇದೆ. ಕೊಯಮತ್ತೂರಿನಲ್ಲೇ ಇರುವ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ರೈತರಿಗೆ ಬ್ಲಾಕ್ ಮಟ್ಟದಲ್ಲೇ ಮುನ್ಸೂಚನೆ ಕೊಡುತ್ತದೆ. ಹಾಗಿದ್ದರೆ ಇಲಾಖೆ ಜಿಲ್ಲೆ ಲೆಕ್ಕದಲ್ಲಷ್ಟೇ ಕೊಡುತ್ತದೆ, ನಾವೇನು ಮಾಡೋಣ ಎಂದು ಮೊದಲು ಕೈಚೆಲ್ಲಿದ್ದೇಕೆ?